‘ಕೂಡೋದಾ ಮಿಸ್, ಕಳೆಯೋದಾ?’

ಎರಡನೇ ಕ್ಲಾಸಿನ ಮಗುವಿಗೆ 14ರಲ್ಲಿ 6 ಕಳೆ ಅಂದರೆ ಬೆರಳು ಮಡಚಿ 8 ಅಂತ ಹೇಳಿಬಿಡುತ್ತದೆ. ಅದೇ ಲೆಕ್ಕವನ್ನು ಮಾತಿನಲ್ಲಿ ಕೊಡಿ. ‘ಅಜ್ಜಿ ಸಂತೆಗೆ 14 ತೆಂಗಿನಕಾಯಿ ತಗೊಂಡು ಹೋದಳು. ಸಾಯಂಕಾಲ 6 ಕಾಯಿ ವಾಪಸ್ ತಂದಳು. ಎಷ್ಟು ಮಾರಿದಳು?’ ಈಗ ಮಗು ಸ್ಲೇಟು ಹಿಡಿದುಕೊಂಡು ನಿಮ್ಮ ಮುಖ ನೋಡುತ್ತದೆ. ಸ್ವಲ್ಪ ಹೊತ್ತಿಗೆ ಆ ಪ್ರಶ್ನೆ ಬರುತ್ತದೆ: ‘ಕೂಡೋದಾ ಮಿಸ್, ಕಳೆಯೋದಾ?’

ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಈ ಪ್ರಶ್ನೆಗೆ ನಾನು ಉತ್ತರ ಹೇಳುವುದಿಲ್ಲ. ‘ಕಳಿಯಪ್ಪ’ ಅಂದುಬಿಟ್ಟರೆ ಲೆಕ್ಕ ಅಲ್ಲಿಗೇ ಮುಗಿಯಿತು. ಆಮೇಲೆ ಬೆರಳು ಎಣಿಸುವುದಷ್ಟೇ ಬಾಕಿ. ಯಾವುದು ಮಾಡಬೇಕು ಅಂತ ಗೊತ್ತು ಮಾಡಿಕೊಳ್ಳುವುದೇ ವಾಕ್ಯದ ಲೆಕ್ಕದ ನಿಜವಾದ ಕೆಲಸ. ಅದನ್ನು ನಾವು ಮಾಡಿ, ಉಳಿದದ್ದನ್ನು ಮಗುವಿಗೆ ಕೊಟ್ಟರೆ ಅದು ಏನು ಕಲಿತ ಹಾಗಾಯಿತು?

ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಲೆಕ್ಕದಲ್ಲಿ ಏನು ನಡೆಯಿತು ಅಂತ ಅವರು ನೋಡುವುದೇ ಇಲ್ಲ. ಸಂಖ್ಯೆ ಎರಡನ್ನೂ ಹೆಕ್ಕಿಕೊಂಡು, ಅವಕ್ಕೆ ಏನಾದರೂ ಒಂದು ಮಾಡಿ, ಬಂದದ್ದನ್ನು ಒಪ್ಪಿಸುತ್ತಾರೆ. ಇದು ನಮ್ಮ ಮಕ್ಕಳದ್ದೊಂದೇ ಕಥೆ ಅಲ್ಲ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್ ಊರಿನಲ್ಲಿ ಎಳೆಯ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು: ‘ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್‌ಗೆ ಎಷ್ಟು ವಯಸ್ಸು?’ 97 ಮಕ್ಕಳಲ್ಲಿ 76 ಮಕ್ಕಳು ಆ ಸಂಖ್ಯೆಗಳನ್ನೇ ಇಟ್ಟುಕೊಂಡು ಒಂದು ಉತ್ತರ ಕೊಟ್ಟರು.

ನಾನೂ ಆಗಾಗ ಇಂಥದ್ದು ಒಂದು ಬಿಡುತ್ತೇನೆ. ‘ಒಂದು ತೋಟದಲ್ಲಿ 12 ತೆಂಗಿನ ಮರ, 7 ಅಡಿಕೆ ಮರ ಇವೆ. ತೋಟದ ಯಜಮಾನರಿಗೆ ಎಷ್ಟು ವರ್ಷ?’ ‘ಹತ್ತೊಂಬತ್ತು!’ ಅಂತ ಕೋಣೆಯೇ ಕೂಗುತ್ತದೆ. ಒಂದು ಸಲ ಗೋಡೆ ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ‘ಮರ ಎಣಿಸಿದ್ರೆ ವಯಸ್ಸು ಹೆಂಗ್ ಗೊತ್ತಾಗುತ್ತೆ ಮಿಸ್?’ ಅಂದಳು. ಕಳೆಯುವ ಲೆಕ್ಕದಲ್ಲಿ ದಿನಾ ತಪ್ಪು ಮಾಡುವ ಹುಡುಗಿ ಅವಳು. ಆದರೆ ವಾಕ್ಯದ ಲೆಕ್ಕಕ್ಕೆ ಬೇಕಾದ ಬುದ್ಧಿ ಅವಳಲ್ಲಿ ಆಗಲೇ ಇತ್ತು. ಇನ್ನುಳಿದದ್ದು ಅಭ್ಯಾಸದಿಂದ ಬರುತ್ತದೆ.

ಗೋಡೆ ಮೇಲಿನ ಚಾರ್ಟ್ ತೆಗೆದುಬಿಡಿ

ಎಷ್ಟೋ ಕ್ಲಾಸ್‌ರೂಮುಗಳಲ್ಲಿ, ಟ್ಯೂಷನ್ ಮನೆಗಳಲ್ಲಿ ಒಂದು ಚಾರ್ಟ್ ಇರುತ್ತದೆ. ‘ಒಟ್ಟು, ಎಲ್ಲಾ ಸೇರಿ ಅಂತ ಬಂದರೆ ಕೂಡು. ಉಳಿದ, ಕೊಟ್ಟ, ಕಳೆದುಹೋದ ಅಂತ ಬಂದರೆ ಕಳೆ.’ ಇದನ್ನು ಬಾಯಿಪಾಠ ಮಾಡಿಸಿದರೆ ಬರುವ ಪರೀಕ್ಷೆಯಲ್ಲಿ ಮಾರ್ಕ್ಸ್ ಬರುತ್ತದೆ, ನಿಜ. ಆದರೆ ಆ ಚಾರ್ಟ್ ಮಕ್ಕಳಿಗೆ ಹೇಳುವುದೇನು? ಇಡೀ ಲೆಕ್ಕ ಓದಬೇಡ, ಒಂದು ಪದ ಹುಡುಕು ಸಾಕು ಅಂತ.

ಈ ಎರಡು ಲೆಕ್ಕ ಕೊಟ್ಟು ನೋಡಿ. ‘ಕ್ಲಾಸಿನಲ್ಲಿ ಒಟ್ಟು 15 ಮಕ್ಕಳು. 9 ಜನ ಹುಡುಗಿಯರು. ಹುಡುಗರು ಎಷ್ಟು?’ ಚಾರ್ಟ್ ಕಲಿತ ಮಗು ‘ಒಟ್ಟು’ ಕಂಡ ಕೂಡಲೇ 24 ಅಂತ ಬರೆಯುತ್ತದೆ. 15 ಮಕ್ಕಳ ಕ್ಲಾಸಿನಲ್ಲಿ 24 ಹುಡುಗರು! ಇನ್ನೊಂದು: ‘ಮಂಜ ಆಟದಲ್ಲಿ 8 ಗೋಲಿ ಸೋತ. ಈಗ 5 ಗೋಲಿ ಉಳಿದಿದೆ. ಆಟಕ್ಕೆ ಮೊದಲು ಎಷ್ಟಿತ್ತು?’ ‘ಸೋತ’, ‘ಉಳಿದಿದೆ’ ಎರಡೂ ಇವೆ, ಹಾಗಾಗಿ 3. ಮೂರೇ ಗೋಲಿ ಇಟ್ಟುಕೊಂಡವನು ಎಂಟು ಹೇಗೆ ಸೋಲುತ್ತಾನೆ ಅಂತ ಮಗು ಕೇಳಿಕೊಳ್ಳುವುದೇ ಇಲ್ಲ.

ಮನೆಯಲ್ಲಿ ಕಲಿಸುವ ಅಮ್ಮಂದಿರಿಗೂ ಇದನ್ನೇ ಹೇಳುತ್ತೇನೆ. ‘ಉಳಿದ ಅಂತ ಇದೆಯಲ್ಲಾ, ಕಳಿ’ ಅಂತ ಬಾಯಿಗೆ ಬಂದರೂ ನುಂಗಿಕೊಳ್ಳಿ.

ಮೊದಲು ಕಥೆ, ಸಂಖ್ಯೆ ಆಮೇಲೆ

ಹೊಸ ಬಗೆಯ ಲೆಕ್ಕ ಶುರು ಮಾಡುವಾಗ ನಾನು ಪುಸ್ತಕ ತೆರೆಸುವುದಿಲ್ಲ. ಒಂದು ಡಬ್ಬಿ ಹುಣಸೆ ಬೀಜ, ಒಂದಷ್ಟು ಬಾಟಲಿ ಮುಚ್ಚಳ, ಒಂದು ಬುಟ್ಟಿ ಸಾಕು. ಮೇಲಿನ ತೆಂಗಿನಕಾಯಿ ಲೆಕ್ಕವನ್ನೇ ತಗೊಳ್ಳಿ. ಮೊದಲ ಸಲ ಹೇಳುವಾಗ ಸಂಖ್ಯೆಯೂ ಇಲ್ಲ, ಪ್ರಶ್ನೆಯೂ ಇಲ್ಲ. ‘ಅಜ್ಜಿ ಒಂದಷ್ಟು ಕಾಯಿ ತಗೊಂಡು ಸಂತೆಗೆ ಹೋದಳು. ಸಾಯಂಕಾಲ ಒಂದಷ್ಟು ವಾಪಸ್ ತಂದಳು.’ ಅಷ್ಟೇ. ಆಮೇಲೆ ಕೇಳುತ್ತೇನೆ: ಸಂತೆಯಲ್ಲಿ ಏನಾಯಿತು? ಬೆಳಿಗ್ಗೆ ಬುಟ್ಟಿಯಲ್ಲಿ ಜಾಸ್ತಿ ಇತ್ತಾ, ಸಾಯಂಕಾಲವಾ? ಎಲ್ಲಾ ವಾಪಸ್ ತಂದಿದ್ದರೆ ಅಜ್ಜಿಗೆ ಎಷ್ಟು ವ್ಯಾಪಾರ ಆದ ಹಾಗೆ?

ಸಂಖ್ಯೆ ಇಲ್ಲದ್ದರಿಂದ ಕೂಡುವುದಕ್ಕೂ ಕಳೆಯುವುದಕ್ಕೂ ಏನೂ ಸಿಗುವುದಿಲ್ಲ. ಯೋಚನೆ ಮಾಡಲೇಬೇಕು. ನಮ್ಮ ಕಡೆ ಮಕ್ಕಳಿಗೆ ಸಂತೆ ಗೊತ್ತು, ಕಾಯಿ ಚೆನ್ನಾಗಿಯೇ ಗೊತ್ತು. ‘ಚಿಕ್ಕಕಾಯಿ ಯಾರೂ ತಗೊಳಲ್ಲ ಮಿಸ್, ಅದೇ ವಾಪಸ್ ಬಂದಿರೋದು’ ಅಂತ ಒಬ್ಬ ವಿವರಣೆ ಕೊಟ್ಟ. ಲೆಕ್ಕಕ್ಕೆ ಅದು ಬೇಕಿಲ್ಲ. ಆದರೆ ಅವನು ಕಥೆಯ ಒಳಗೆ ಇಳಿದಿದ್ದಾನೆ, ಅಲ್ವಾ? ಅಷ್ಟು ಸಾಕು.

ಎರಡನೇ ಸಲ ಸಂಖ್ಯೆ ಹಾಕಿ ಹೇಳಿ. ಒಬ್ಬಳು ಅಜ್ಜಿ, ಒಬ್ಬ ಗಿರಾಕಿ. ಬುಟ್ಟಿಗೆ 14 ಮುಚ್ಚಳ. ‘ಎಷ್ಟು ಮಾರಿದಳು?’ ಅಂತ ಈಗ ಕೇಳಿ. ಲೆಕ್ಕ ಮಾಡುವ ಮೊದಲು ಒಂದು ಅಂದಾಜು ಹೇಳಿಸಿ. 14ಕ್ಕಿಂತ ಜಾಸ್ತಿ ಬರಬಹುದಾ? ‘ಇಲ್ಲ ಮಿಸ್, ತಗೊಂಡು ಹೋಗಿದ್ದೇ 14.’ ಈ ಒಂದು ಮಾತು ಮಗುವಿನ ಬಾಯಲ್ಲಿ ಬಂದರೆ 20 ಅಂತ ತಪ್ಪು ಉತ್ತರ ಬರೆಯುವ ದಾರಿ ಮುಚ್ಚಿತು.

ಆಮೇಲೆ ಮುಚ್ಚಳ ಎಣಿಸಿ ಉತ್ತರ ಕಂಡುಹಿಡಿಯಲಿ. ಸ್ಲೇಟಿನ ಮೇಲೆ 14 − 6 = 8 ಅಂತ ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಕೆಲವು ಮಕ್ಕಳು 6 + ☐ = 14 ಅಂತ ಬರೆಯುತ್ತಾರೆ. ಅದೂ ಸರಿ. ಅಜ್ಜಿ ಹತ್ತಿರ ಉಳಿದದ್ದು 6, ಅದಕ್ಕೆ ಮಾರಿದ್ದು ಸೇರಿದರೆ 14 ಅಂತ ಅವರು ನೋಡಿದ್ದಾರೆ. ‘ಇದು ಕಳೆಯುವ ಲೆಕ್ಕ, ಹಾಗೆ ಬರೆಯಬಾರದು’ ಅಂತ ಒರೆಸಬೇಡಿ.

ಒಂದು ಎಚ್ಚರಿಕೆ. ಕಥೆ ಹೊಸದಾಗಿದ್ದರೆ ಸಂಖ್ಯೆ ಚಿಕ್ಕದಿರಲಿ, 10ರ ಒಳಗೆ ಇದ್ದರೂ ಪರವಾಗಿಲ್ಲ. ಸಂಖ್ಯೆ ದೊಡ್ಡದು ಮಾಡುವಾಗ ಕಥೆ ಹಳೆಯದಿರಲಿ. ಎರಡೂ ಒಟ್ಟಿಗೆ ಕಷ್ಟ ಆದರೆ ಮಗು ಎಲ್ಲಿ ಎಡವಿತು ಅಂತ ನಮಗೇ ಗೊತ್ತಾಗುವುದಿಲ್ಲ.

ಒಂದೇ ಬುಟ್ಟಿ, ಮೂರು ಪ್ರಶ್ನೆ

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕಾರ್ಪೆಂಟರ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಈ ಲೆಕ್ಕಗಳನ್ನು ಕಥೆಯ ಪ್ರಕಾರ ವಿಂಗಡಿಸಿದರು. ಚಿಹ್ನೆ ನೋಡಿದರೆ ಎರಡೇ ಬಗೆ, ಕೂಡುವುದು ಮತ್ತು ಕಳೆಯುವುದು. ಕಥೆ ನೋಡಿದರೆ ನಾಲ್ಕು. ಇದ್ದದ್ದಕ್ಕೆ ಬಂದು ಸೇರುವುದು. ಇದ್ದದ್ದರಲ್ಲಿ ಹೋಗುವುದು. ಏನೂ ಬರದೆ ಹೋಗದೆ ಎರಡು ಭಾಗ ಸೇರಿ ಒಂದು ಪೂರ್ತಿ ಆಗಿರುವುದು, ಹುಡುಗರು ಹುಡುಗಿಯರು ಸೇರಿ ಕ್ಲಾಸ್ ಇದ್ದ ಹಾಗೆ. ಕೊನೆಯದು, ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು.

ಅದರ ಮೇಲೆ ಇನ್ನೊಂದು ವಿಷಯ ಇದೆ. ಗೊತ್ತಿಲ್ಲದ ಸಂಖ್ಯೆ ಕಥೆಯ ಯಾವ ಜಾಗದಲ್ಲಿದೆ? ನಾನು ನೋಡಿದ ವರ್ಕ್‌ಬುಕ್‌ಗಳಲ್ಲಿ ಅದು ಹೆಚ್ಚಾಗಿ ಕೊನೆಯಲ್ಲೇ ಇರುತ್ತದೆ: ಇಷ್ಟಿತ್ತು, ಇಷ್ಟು ಬಂತು, ಈಗ ಎಷ್ಟು. ಮಕ್ಕಳಿಗೆ ಇದು ಸುಲಭ. ಮಧ್ಯದಲ್ಲಿದ್ದರೆ ಸ್ವಲ್ಪ ಕಷ್ಟ. ಶುರುವಿನಲ್ಲೇ ಗೊತ್ತಿಲ್ಲದಿದ್ದರೆ ಇನ್ನೂ ಕಷ್ಟ, ಯಾಕೆಂದರೆ ಮುಚ್ಚಳ ಎಣಿಸಿ ಇಡೋಣ ಅಂದರೆ ಎಷ್ಟು ಇಡಬೇಕು ಅಂತಲೇ ಗೊತ್ತಿಲ್ಲ.

ಇಲ್ಲಿ ನಮ್ಮ ನಲಿಕಲಿ ಕೋಣೆ ಕೆಲಸಕ್ಕೆ ಬರುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಮೂರು ಕ್ಲಾಸು ಒಂದೇ ಕಡೆ ಕೂತರೆ ಗಲಾಟೆ ಅಂತ ಬೈಯುವವರೂ ಇದ್ದಾರೆ. ಈ ಲೆಕ್ಕಕ್ಕಂತೂ ನನಗೆ ಅನುಕೂಲವೇ. ಒಂದೇ ಮೊಟ್ಟೆ ಬುಟ್ಟಿಯ ಕಥೆ ಮೂರು ಕ್ಲಾಸಿಗೂ ಆಗುತ್ತದೆ. ಒಂದನೇ ಕ್ಲಾಸಿಗೆ: ‘ಬುಟ್ಟಿಯಲ್ಲಿ 8 ಮೊಟ್ಟೆ ಇತ್ತು. ಕೋಳಿಗಳು ಇನ್ನೂ 5 ಇಟ್ಟವು. ಈಗ ಎಷ್ಟು?’ ಎರಡನೇ ಕ್ಲಾಸಿಗೆ: ‘8 ಇತ್ತು. ಕೋಳಿಗಳು ಇನ್ನೊಂದಷ್ಟು ಇಟ್ಟವು. ಈಗ 13 ಇದೆ. ಎಷ್ಟು ಇಟ್ಟವು?’ ಮೂರನೆಯವರಿಗೆ: ‘ಒಂದಷ್ಟು ಇತ್ತು. ಕೋಳಿಗಳು 5 ಇಟ್ಟವು. 13 ಆಯಿತು. ಮೊದಲು ಎಷ್ಟಿತ್ತು?’ ಚಿಕ್ಕವರು ಮುಚ್ಚಳ ಜೋಡಿಸುವುದನ್ನು ದೊಡ್ಡವರು ನೋಡುತ್ತಿರುತ್ತಾರೆ. ದೊಡ್ಡವರ ಜಗಳ ಚಿಕ್ಕವರ ಕಿವಿಗೆ ಬೀಳುತ್ತಿರುತ್ತದೆ.

ಶುರು ಗೊತ್ತಿಲ್ಲದ ಲೆಕ್ಕಕ್ಕೆ ನಾನು ಕಥೆಯನ್ನು ಹಿಂದಕ್ಕೆ ಆಡಿಸುತ್ತೇನೆ. ಕೊನೆಯಲ್ಲಿ 13 ಇದೆ, ಬುಟ್ಟಿಗೆ 13 ಹಾಕಿ. ಈಗ ಕೋಳಿ ಇಟ್ಟ 5 ಮೊಟ್ಟೆಯನ್ನು ಕೋಳಿಗೇ ವಾಪಸ್ ಕೊಡಿ. ಕೋಳಿ ಆದ ಹುಡುಗ ಮೊಟ್ಟೆ ವಾಪಸ್ ಇಸ್ಕೊಳ್ಳುವಾಗ ಕ್ಲಾಸ್ ಬಿದ್ದು ಬಿದ್ದು ನಗುತ್ತದೆ. ‘ಇಟ್ಟವು’ ಅಂತ ಇದ್ದರೂ ಇಲ್ಲಿ ಕಳೆಯಬೇಕು ಅಂತ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಎಷ್ಟು ಜಾಸ್ತಿ?

ಎಲ್ಲಕ್ಕಿಂತ ತಲೆನೋವು ಕೊಡುವುದು ಹೋಲಿಸುವ ಲೆಕ್ಕ. ‘ಗೀತಾ ಹತ್ತಿರ 11 ಬಳೆ. ಸಲ್ಮಾ ಹತ್ತಿರ 7. ಗೀತಾ ಹತ್ತಿರ ಎಷ್ಟು ಜಾಸ್ತಿ?’ ಕೇಳಿ ನೋಡಿ, ಅರ್ಧಕ್ಕರ್ಧ ಮಕ್ಕಳು 11 ಅನ್ನುತ್ತಾರೆ. ಅವರ ಪ್ರಕಾರ ಜಾಸ್ತಿ ಇರುವುದು ಗೀತಾ ಹತ್ತಿರ, ಅವಳ ಹತ್ತಿರ ಇರುವುದು 11. ತಪ್ಪೇನು? ಇಲ್ಲಿ ಯಾರೂ ಏನೂ ಕೊಡಲಿಲ್ಲ, ತಗೊಳ್ಳಲಿಲ್ಲ. ಆ ‘ಜಾಸ್ತಿ 4’ ಅನ್ನುವುದು ಬೇರೆ ರಾಶಿಯಾಗಿ ಎಲ್ಲೂ ಕಾಣಿಸುವುದಿಲ್ಲ. ಮಗು ಅದನ್ನು ಎಲ್ಲಿ ಅಂತ ಹುಡುಕಬೇಕು?

ಇದಕ್ಕೆ ಒಂದು ಚಂದದ ಪ್ರಯೋಗ ಇದೆ. ಟಾಮ್ ಹಡ್ಸನ್ ಅನ್ನುವವರು 1983ರಲ್ಲಿ ಪ್ರಕಟಿಸಿದ್ದು. ಚಿತ್ರದಲ್ಲಿ ಒಂದಷ್ಟು ಹಕ್ಕಿ, ಅದಕ್ಕಿಂತ ಕಮ್ಮಿ ಹುಳು. ‘ಹುಳುಗಳಿಗಿಂತ ಹಕ್ಕಿಗಳು ಎಷ್ಟು ಜಾಸ್ತಿ?’ ಅಂತ ಕೇಳಿದಾಗ ಒಂದನೇ ಕ್ಲಾಸಿನ ಮಕ್ಕಳಲ್ಲಿ 64 ಪರ್ಸೆಂಟ್ ಮಾತ್ರ ಸರಿಯಾಗಿ ಹೇಳಿದರು. ಪ್ರಶ್ನೆ ಬದಲಾಯಿಸಿ, ‘ಎಲ್ಲಾ ಹಕ್ಕಿಗಳೂ ಓಡಿ ಹೋಗಿ ಒಂದೊಂದು ಹುಳು ಹಿಡಿಯಲು ನೋಡುತ್ತವೆ. ಎಷ್ಟು ಹಕ್ಕಿಗೆ ಹುಳು ಸಿಗುವುದಿಲ್ಲ?’ ಅಂತ ಕೇಳಿದಾಗ ಅವರೆಲ್ಲರೂ ಸರಿ ಹೇಳಿದರು. ಅದೇ ಚಿತ್ರ, ಅದೇ ಸಂಖ್ಯೆ. ಹಾಗಾದರೆ ಮಕ್ಕಳಿಗೆ ಲೆಕ್ಕ ಬರುತ್ತಿತ್ತು. ಪ್ರಶ್ನೆ ಅವರಿಗೆ ತಲುಪುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ ಹಕ್ಕಿ ಹುಳು ಬೇಕಾಗಿಲ್ಲ. ಬಿಸಿಯೂಟ ಇದೆಯಲ್ಲ! ಮೊಟ್ಟೆ ತಿನ್ನುವ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಊಟಕ್ಕೆ ಮೊದಲು ಲೆಕ್ಕ ಹೇಗೂ ಬರೆದುಕೊಳ್ಳಬೇಕು. ಆ ಹೊತ್ತಿನಲ್ಲಿ ಜಗಲಿ ಮೇಲೆ ಎರಡು ಸಾಲು ನಿಲ್ಲಿಸುತ್ತೇನೆ. ಮೊಟ್ಟೆಯವರು ಈ ಕಡೆ, ಬಾಳೆಹಣ್ಣಿನವರು ಆ ಕಡೆ. ಎದುರುಬದುರು. ‘ಎದುರಿಗಿರೋರ ಕೈ ಹಿಡ್ಕೊಳ್ಳಿ.’ ಹಿಡಿದುಕೊಳ್ಳುತ್ತಾರೆ. ಕೊನೆಯಲ್ಲಿ ನಾಲ್ಕು ಜನ ಮೊಟ್ಟೆಯವರು ಕೈ ಚಾಚಿಕೊಂಡು ನಿಂತಿರುತ್ತಾರೆ, ಹಿಡಿಯುವವರು ಯಾರೂ ಇಲ್ಲ. ‘ಜೋಡಿ ಸಿಗದೆ ಇರೋರು ಎಷ್ಟು ಜನ?’ ನಾಲ್ಕು. ‘ಹಂಗಾದ್ರೆ ಬಾಳೆಹಣ್ಣಿನೋರಿಗಿಂತ ಮೊಟ್ಟೆಯೋರು ಎಷ್ಟು ಜಾಸ್ತಿ?’ ನಾಲ್ಕು. ಈ ಎರಡು ಪ್ರಶ್ನೆಯನ್ನು ಒಂದರ ಹಿಂದೆ ಒಂದು, ಇದೇ ಕ್ರಮದಲ್ಲಿ ಕೇಳಬೇಕು. ಎಷ್ಟೋ ದಿನ ಹೀಗೇ ಕೇಳಿ. ಆಮೇಲೆ ಮೊದಲನೆಯದನ್ನು ಬಿಟ್ಟು ನೋಡಿ.

ಜಗಲಿಯಿಂದ ಸ್ಲೇಟಿಗೆ ಬಂದಾಗ ಒಂದು ಸಾಲು 11 ಸೊನ್ನೆ, ಕೆಳಗೆ ಇನ್ನೊಂದು ಸಾಲು 7 ಸೊನ್ನೆ, ಜೋಡಿಗೆ ಗೆರೆ. ಸೊನ್ನೆಗಳು ಒಂದರ ಕೆಳಗೆ ಒಂದು ನೆಟ್ಟಗೆ ಬರಲಿ. ಅಡ್ಡಾದಿಡ್ಡಿ ಬಂದರೆ ಜೋಡಿ ತಪ್ಪಿ, ಮಗುವಿಗೆ ಬೇಜಾರಾಗುತ್ತದೆ. ಚೌಕುಳಿ ಇರುವ ಲೆಕ್ಕದ ಪುಸ್ತಕ ಇದ್ದರೆ ಅದರಲ್ಲೇ ಹಾಕಿಸಿ.

‘ಎಷ್ಟು ಕಮ್ಮಿ’ ಅಂತಲೂ ಕೇಳಿ. ಮಕ್ಕಳು ಇದನ್ನು ಬೇರೆ ಲೆಕ್ಕ ಅಂದುಕೊಳ್ಳುತ್ತಾರೆ. ಅದೇ ನಾಲ್ಕು ಜನ ಅಂತ ಗೊತ್ತಾದಾಗ ಅವರಿಗೆ ಆಶ್ಚರ್ಯ. ಇನ್ನೊಂದು ಬಗೆ ಇದೆ: ‘ರೂಪಾ ಹತ್ತಿರ 9 ಬಳೆ ಇದೆ. ಅದು ಸೀಮಾ ಹತ್ತಿರ ಇರೋದಕ್ಕಿಂತ 4 ಕಮ್ಮಿ. ಸೀಮಾ ಹತ್ತಿರ ಎಷ್ಟು?’ ಉತ್ತರ 13. ‘ಕಮ್ಮಿ’ ನೋಡಿ 5 ಅನ್ನುವ ದೊಡ್ಡವರನ್ನೂ ಕಂಡಿದ್ದೇನೆ. ಮೂರನೇ ಕ್ಲಾಸಿನವರೆಗೂ ಇದರ ತಂಟೆಗೆ ಹೋಗಬೇಡಿ. ಕೊಡುವಾಗ ಮೊದಲು ‘ಯಾರ ಹತ್ತಿರ ಜಾಸ್ತಿ ಇದೆ?’ ಅಂತ ಕೇಳಿ, ಆಮೇಲೆ ಸಂಖ್ಯೆ.

ಯಾರು ಯಾರಿಗೆ ಕೊಟ್ಟರು?

ನಮ್ಮ ಭಾಷೆಯಲ್ಲಿ ಏನಾಯಿತು ಅನ್ನುವುದು ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ರಾಜು ಹತ್ತಿರ 9 ಗೋಲಿ ಇತ್ತು. ಸಲೀಮ ಅವನಿಗೆ 4 ಗೋಲಿ…’ ಇಲ್ಲಿಯವರೆಗೆ ಬಂದರೂ ಗೋಲಿ ಜಾಸ್ತಿ ಆಯಿತೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಮಗು 9, 4 ಎರಡನ್ನೂ ಹಿಡಿದುಕೊಂಡು ಓಡಿಬಿಟ್ಟಿರುತ್ತದೆ. ಅದಕ್ಕೆ ನಾನು ಈ ಜಾಗದಲ್ಲೇ ನಿಲ್ಲಿಸಿ, ಮುಂದಿನ ಪದ ಮಕ್ಕಳೇ ಹಾಕಲಿ ಅನ್ನುತ್ತೇನೆ. ‘ಕೊಟ್ಟ’ ಅಂತ ಒಬ್ಬ. ರಾಜು ಹತ್ತಿರ 13. ‘ತೋರಿಸಿದ’ ಅಂತ ಇನ್ನೊಬ್ಬಳು. ಆಗ? ಒಂದು ಕ್ಷಣ ಎಲ್ಲಾ ಸುಮ್ಮನೆ. ‘ಸುಮ್ನೆ ತೋರಿಸಿದ್ರೆ 9ಏ ಇರುತ್ತೆ ಮಿಸ್!’ ಈ ಆಟ ಮಕ್ಕಳಿಗೆ ತುಂಬಾ ಇಷ್ಟ. ಖರ್ಚೂ ಇಲ್ಲ.

ಇನ್ನೊಂದು ಎಡವುವ ಜಾಗ ‘ಗೆ’. ‘ರಾಜು ಸಲೀಮನಿಗೆ 4 ಗೋಲಿ ಕೊಟ್ಟ.’ ‘ರಾಜುಗೆ ಸಲೀಮ 4 ಗೋಲಿ ಕೊಟ್ಟ.’ ತಡವರಿಸಿ ಓದುವ ಮಗುವಿಗೆ ಎರಡೂ ಒಂದೇ. ಎರಡರಲ್ಲೂ ರಾಜು ಮೊದಲು, ‘ಕೊಟ್ಟ’ ಕೊನೆಗೆ. ಇಬ್ಬರನ್ನು ಎದುರಿಗೆ ನಿಲ್ಲಿಸಿ, ವಾಕ್ಯ ಓದಿ, ಗೋಲಿ ಯಾವ ಕೈಯಿಂದ ಯಾವ ಕೈಗೆ ಹೋಯಿತು ಅಂತ ಮಾಡಿ ತೋರಿಸಲಿ. ಆಮೇಲೆ ಇನ್ನೊಂದು ವಾಕ್ಯ. ಪುಸ್ತಕದಲ್ಲಿ ಇಂಥ ವಾಕ್ಯ ಬಂದಾಗ ಯಾರ ಹೆಸರಿನಿಂದ ಯಾರ ಹೆಸರಿಗೆ ಅಂತ ಪೆನ್ಸಿಲ್‌ನಲ್ಲಿ ಒಂದು ಬಾಣ ಹಾಕಲಿ.

ಓದಲು ಬಾರದೆ ಲೆಕ್ಕ ತಪ್ಪುವ ಮಕ್ಕಳನ್ನು ಲೆಕ್ಕ ಬಾರದವರ ಪಟ್ಟಿಗೆ ಸೇರಿಸಬೇಡಿ. ಒಂದು ಸಲ ನೀವೇ ಜೋರಾಗಿ ಓದಿ ಹೇಳಿ. ಕೇಳಿದ ಕೂಡಲೇ ಉತ್ತರ ಬಂದರೆ ಆ ಮಗುವಿಗೆ ಬೇಕಾಗಿರುವುದು ಓದಿನ ಅಭ್ಯಾಸ. ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಕ್ಕಳಿಗಂತೂ ಲೆಕ್ಕವನ್ನು ಮೊದಲು ಅವರ ಮಾತಿನಲ್ಲೇ ಯಾರಾದರೂ ಹೇಳಲಿ. ನಮ್ಮಲ್ಲಿ ಉರ್ದು ಮಾತಾಡುವ ಮಕ್ಕಳಿದ್ದಾರೆ. ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ನಾನು ತಡೆಯುವುದಿಲ್ಲ.

ಬೆರಳು, ಪಟ್ಟಿ, ಚಿಲ್ಲರೆ

ಬೆರಳು ಎಣಿಸಿದರೆ ಬೈಯಬೇಡಿ. ಮೊದಮೊದಲು ಮಗು 8 ಎಣಿಸಿ, 5 ಎಣಿಸಿ, ಮತ್ತೆ ಒಂದರಿಂದ 13ರ ತನಕ ಎಣಿಸುತ್ತದೆ. ಆಮೇಲೆ ‘ಎಂಟು’ ಅಂತ ಮನಸ್ಸಿನಲ್ಲಿಟ್ಟು 9, 10, 11 ಅಂತ ಮುಂದೆ ಹೋಗುತ್ತದೆ. ಆಮೇಲೆ 8ಕ್ಕೆ 2 ಸೇರಿಸಿ 10 ಮಾಡಿ, ಮೇಲೆ 3 ಅನ್ನುತ್ತದೆ. ಇದು ತಾನಾಗಿ ಆಗುವ ಬೆಳವಣಿಗೆ. ನಾವು ಅವಸರ ಮಾಡಿದರೆ ಬೆರಳು ಬೆಂಚಿನ ಕೆಳಗೆ ಹೋಗುತ್ತದೆ, ಅಷ್ಟೇ.

ಸಂಖ್ಯೆ 20 ದಾಟಿದ ಮೇಲೆ ಸೊನ್ನೆ ಬರೆಯುತ್ತಾ ಕೂರಲು ಆಗುವುದಿಲ್ಲ. ಆಗ ಒಂದು ಉದ್ದ ಪಟ್ಟಿ. ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಈ ಪಟ್ಟಿ ಚಿತ್ರದಿಂದಲೇ ವಾಕ್ಯದ ಲೆಕ್ಕ ಕಲಿಸುತ್ತಾರೆ. ‘ಬಸ್ಸಿನಲ್ಲಿ 42 ಜನ ಇದ್ದರು. ಹುಳಿಯಾರು ಗೇಟಿನಲ್ಲಿ ಒಂದಷ್ಟು ಜನ ಇಳಿದರು. ಈಗ 27 ಜನ ಇದ್ದಾರೆ. ಎಷ್ಟು ಜನ ಇಳಿದರು?’ ಪಟ್ಟಿ ಪೂರ್ತಿ 42. ಮಧ್ಯೆ ಒಂದು ಗೆರೆ. ಒಂದು ತುಂಡು 27, ಇನ್ನೊಂದು ತುಂಡಿನಲ್ಲಿ ಪ್ರಶ್ನೆ ಚಿಹ್ನೆ. ಪೂರ್ತಿ ಯಾವುದು, ತುಂಡು ಯಾವುದು ಅಂತ ಮಗು ಹೇಳಿದರೆ ಆಯಿತು. ತುಂಡು ಬೇಕಾದರೆ ಕಳೆ, ಪೂರ್ತಿ ಬೇಕಾದರೆ ಕೂಡು. ಗೋಡೆಗೆ ಏನಾದರೂ ಅಂಟಿಸಲೇಬೇಕು ಅಂದರೆ ಈ ಪಟ್ಟಿ ಅಂಟಿಸಿ.

ಕಳೆಯುವುದನ್ನು ಅಂಗಡಿಯವರು ಹೇಗೆ ಮಾಡುತ್ತಾರೆ ಅಂತ ಮಕ್ಕಳಿಗೆ ನೋಡಲು ಹೇಳಿ. 43 ರೂಪಾಯಿ ಸಾಮಾನಿಗೆ 50ರ ನೋಟು ಕೊಟ್ಟರೆ ಅವರು ದಶಕ ಇಸ್ಕೊಂಡು ಕಳೆಯುವುದಿಲ್ಲ. ಎರಡು ರೂಪಾಯಿ ಕೈಯಲ್ಲಿಟ್ಟು ‘ನಲವತ್ತೈದು’, ಐದು ರೂಪಾಯಿ ಇಟ್ಟು ‘ಐವತ್ತು’ ಅನ್ನುತ್ತಾರೆ. ಚಿಲ್ಲರೆ 7. ‘ಇನ್ನೂ ಎಷ್ಟು ಬೇಕು’, ‘ಎಷ್ಟು ಜಾಸ್ತಿ’ ಅನ್ನುವ ಲೆಕ್ಕಗಳಿಗೆ ಈ ದಾರಿಯೇ ಸಲೀಸು. 52ರಲ್ಲಿ 47 ಹೋದರೆ ಎಷ್ಟು ಅನ್ನುವುದಕ್ಕೆ ಮೇಲೆ ಕೆಳಗೆ ಬರೆದು, 5 ಹೊಡೆದು 4 ಮಾಡಿ, 12 ಮಾಡಿ ಒದ್ದಾಡುವ ಮಗುವನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. 47ಕ್ಕೆ 3 ಸೇರಿದರೆ 50, ಇನ್ನೆರಡು. ಮುಗಿಯಿತು.

ಉತ್ತರ ಬರೆಯುವಾಗ ಬರೀ ‘5’ ಸಾಲದು, ‘5 ಮೊಟ್ಟೆ’ ಅಂತ ಬರೆಯಲಿ. ಅದಕ್ಕಿಂತ ಉದ್ದದ ಹೇಳಿಕೆ ಸಾಲುಗಳನ್ನು ನಾನು ಒಂದು, ಎರಡನೇ ಕ್ಲಾಸಿನಲ್ಲಿ ಕೇಳುವುದಿಲ್ಲ. ತಾಳೆ ನೋಡುವುದಕ್ಕೆ ಉತ್ತರವನ್ನು ಕಥೆಯೊಳಗೆ ಹಾಕಿ ಇನ್ನೊಂದು ಸಲ ಹೇಳಿಸಿ. ‘8 ಇತ್ತು, ಕೋಳಿ 5 ಇಟ್ಟವು, 13 ಆಯಿತು.’ ಸರಿಯಾಗಿ ಕೂತರೆ ಸರಿ. ಕೂರದಿದ್ದರೆ ಮಗುವಿಗೇ ಗೊತ್ತಾಗುತ್ತದೆ.

ಲೆಕ್ಕ ಮಕ್ಕಳೇ ಕಟ್ಟಲಿ

ವಾರಕ್ಕೊಮ್ಮೆಯಾದರೂ ಉಲ್ಟಾ ಮಾಡಿ. ಬೋರ್ಡಿನ ಮೇಲೆ 12 − 5 = 7 ಅಂತ ಬರೆದು, ಇದಕ್ಕೆ ಒಂದು ಕಥೆ ಹೇಳಿ ಅನ್ನಿ. ಯಾರಿಗೆ ಅರ್ಥವಾಗಿದೆ, ಯಾರಿಗಿಲ್ಲ ಅಂತ ಯಾವ ಟೆಸ್ಟಿಗಿಂತ ಚೆನ್ನಾಗಿ ಇದರಲ್ಲಿ ಗೊತ್ತಾಗುತ್ತದೆ. ‘12 ಬಳಪ ಇತ್ತು. 5 ಬಳಪ ಇತ್ತು. ಕಳೆದರೆ 7’ ಅಂತ ಒಬ್ಬ ಹೇಳುತ್ತಾನೆ. ಅಲ್ಲಿ ಕಥೆಯೇ ಇಲ್ಲ. ಆ ಮಗುವಿಗೆ ಮತ್ತೆ ಮುಚ್ಚಳ, ಬುಟ್ಟಿ. ‘12 ಕೋಳಿಮರಿ ಇದ್ವು. ಹದ್ದು ಬಂದು ಎತ್ಕೊಂಡು ಹೋಗ್ತು. ಅಜ್ಜಿ ಎಣಿಸಿದ್ರೆ 7. ಎಷ್ಟು ಎತ್ಕೊಂಡು ಹೋಯ್ತು?’ ಅಂತ ಇನ್ನೊಬ್ಬಳು. ಅವಳು ಗೊತ್ತಿಲ್ಲದ ಸಂಖ್ಯೆಯನ್ನು ಮಧ್ಯದಲ್ಲಿ ಇಟ್ಟಳು, ನಾನು ಹೇಳಿಕೊಡದೆ. ಇಂಥ ಕಥೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮುಂದಿನ ವಾರ ಅದೇ ಲೆಕ್ಕ ಕ್ಲಾಸಿಗೆ ಕೊಡಿ. ತಾನು ಕಟ್ಟಿದ ಲೆಕ್ಕ ಬೇರೆಯವರು ಬಿಡಿಸುತ್ತಿದ್ದಾರೆ ಅಂದರೆ ಮಗುವಿಗೆ ಎಷ್ಟು ಹೆಮ್ಮೆ ಗೊತ್ತಾ?

ಕಥೆಯಲ್ಲಿ ಬೇಡದ ಸಂಖ್ಯೆಯನ್ನೂ ಒಮ್ಮೊಮ್ಮೆ ಸೇರಿಸಿ. ‘3 ಹಸು ಇರುವ ರಂಗಣ್ಣ 10 ಲೀಟರ್ ಹಾಲು ಕರೆದ. 7 ಲೀಟರ್ ಡೈರಿಗೆ ಹಾಕಿದ. ಮನೆಗೆ ಎಷ್ಟು ಉಳಿಯಿತು?’ ಮೂರನ್ನೂ ಕೂಡಿ 20 ಅನ್ನುವವರು ಯಾರು ಅಂತ ನೋಡಿಕೊಳ್ಳಿ.

ಮನೆಯಲ್ಲಿ ಕಲಿಸುವವರು ಒಂದು ಪುಟ ತುಂಬಾ ಲೆಕ್ಕ ಕೊಡಬೇಡಿ. ರಾತ್ರಿ ಊಟಕ್ಕೆ ಕೂತಾಗ ಒಂದೇ ಒಂದು ಸಾಕು, ಅದೂ ಬಾಯಿಲೆಕ್ಕ. ‘12 ಚಪಾತಿ ಮಾಡಿದ್ದೆ, ಡಬ್ಬಿಯಲ್ಲಿ ಈಗ 4 ಇದೆ. ನಾವೆಲ್ಲಾ ಸೇರಿ ಎಷ್ಟು ತಿಂದ್ವಿ?’ ಉತ್ತರ ತಪ್ಪಾದರೂ ತಕ್ಷಣ ತಿದ್ದಬೇಡಿ. ‘ಹೆಂಗೆ ಗೊತ್ತಾಯ್ತು?’ ಅಂತ ಕೇಳಿ. ಸರಿಯಾದಾಗಲೂ ಅದೇ ಪ್ರಶ್ನೆ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ, ಅಮ್ಮ ಹಿಂಗೆ ಕೇಳಿದ್ಲು ಅಂದ್ರೆ ತಪ್ಪು ಅಂತಲೇ ಅರ್ಥ ಅಂತ ಮಗು ಕಂಡುಕೊಂಡು, ಯೋಚನೆ ಮಾಡದೆ ಇನ್ನೊಂದು ಸಂಖ್ಯೆ ಹೇಳುತ್ತದೆ. ಮನೆಯಲ್ಲಿ ಅಣ್ಣನೋ ಅಕ್ಕನೋ ಇದ್ದರೆ ಅವರು ಮಧ್ಯೆ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಅವರ ಸರದಿಗೆ ಬೇರೆ ಲೆಕ್ಕ ಇಟ್ಟುಕೊಂಡಿರಿ.